ಹತ್ತಿಕೊಂಡಿತು, ಹಚ್ಚಿಕೊಂಡೆ, ಹಚ್ಚಿದರು: ನರ್ಸಮ್ಮನಿಗೆ ಯಾರೂ ಹೇಳಿಕೊಡದ ಪಾಠ



ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದು, ಸಾಲದ ಕಂತು ಬರೆದಾಗಿ, ಮಾತು ಆಸ್ಪತ್ರೆಯ ಕಡೆ ತಿರುಗಿದರೆ ಒಂದು ದೂರು ತಪ್ಪದೆ ಬರುತ್ತದೆ. "ಈಗಿನ ನರ್ಸುಗಳಿಗೆ ಏನೂ ಬರಲ್ಲ ಕಣಕ್ಕ. ನರ ಸಿಗದೆ ನಾಲ್ಕು ಕಡೆ ಚುಚ್ಚಿದಳು. ಯಾಕಮ್ಮ ಅಂದರೆ ಗದರುತ್ತಾಳೆ. ಹಿಂದಿನ ಸಿಸ್ಟರ್ ಕೈಗುಣವೇ ಬೇರೆ." ಈ ದೂರಿನಲ್ಲಿ ಸುಳ್ಳಿಲ್ಲ. ಆದರೆ ದೂರು ಅಲ್ಲಿಗೇ ನಿಂತುಬಿಡುತ್ತದೆ. ಕೈಗುಣ ಹುಟ್ಟಿನಿಂದ ಬರುವ ವರ, ಅದಿಲ್ಲದವಳು ಸೋಮಾರಿ ಇಲ್ಲವೇ ಅಹಂಕಾರಿ ಎಂದು ತೀರ್ಪು ಕೊಟ್ಟು ನಾವು ಎದ್ದು ಮನೆಗೆ ಹೋಗುತ್ತೇವೆ. ಅಡುಗೆ ಕೆಟ್ಟರೆ ಸೊಸೆಯದೇ ತಪ್ಪು ಎನ್ನುವ ಮನೆಯ ತೀರ್ಪಿಗೂ ಇದಕ್ಕೂ ಏನು ವ್ಯತ್ಯಾಸ? ಒಲೆಗೆ ಸೌದೆ ಇತ್ತೇ, ಡಬ್ಬಿಯಲ್ಲಿ ಬೇಳೆ ಇತ್ತೇ ಎಂದು ಆ ಮನೆಯಲ್ಲೂ ಯಾರೂ ಕೇಳುವುದಿಲ್ಲ.

ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಬರೆಯುವ ಪತ್ರಿಕೆಗೆ ನರ್ಸುಗಳ ಕಲಿಕೆಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣ ಸರಳವಾಗಿದೆ. ಸುಟ್ಟುಕೊಂಡು, ವಿಷ ಕುಡಿದು, ತಲೆ ಒಡೆದುಕೊಂಡು ಆಸ್ಪತ್ರೆಗೆ ಬರುವ ಹೆಣ್ಣಿನ ಹತ್ತಿರ ಮೊದಲು ನಿಲ್ಲುವವಳು ನರ್ಸು. ವಕೀಲರು, ಪೊಲೀಸರು, ಮಹಿಳಾ ಸಂಘಟನೆಯವರು ಎಲ್ಲರೂ ಆಮೇಲೆ ಬರುತ್ತಾರೆ. ಆ ಮೊದಲ ಗಂಟೆಯಲ್ಲಿ ನರ್ಸಿನ ಕೈ ಏನು ಮಾಡಿತು, ಕಿವಿ ಏನು ಕೇಳಿಸಿಕೊಂಡಿತು, ಪೆನ್ನು ಏನು ಬರೆಯಿತು ಎಂಬುದರ ಮೇಲೆ ಆ ಹೆಣ್ಣಿನ ಜೀವ ನಿಂತಿದೆ. ಜೀವ ಹೋದರೆ ನ್ಯಾಯವೂ ಅದರ ಮೇಲೇ ನಿಂತಿದೆ.

ಮೂರು ಕ್ರಿಯಾಪದ, ಮೂರು ಕಾಲಂ

"ಬೆಂಕಿ ಹತ್ತಿಕೊಂಡಿತು." "ಬೆಂಕಿ ಹಚ್ಚಿಕೊಂಡೆ." "ಬೆಂಕಿ ಹಚ್ಚಿದರು." ನಮ್ಮ ಭಾಷೆಯಲ್ಲಿ ಈ ಮೂರು ಮಾತಿನ ನಡುವೆ ಇರುವುದು ಒಂದೆರಡು ಅಕ್ಷರದ ಅಂತರ. ಪೊಲೀಸ್ ಠಾಣೆಯ ಪುಸ್ತಕದಲ್ಲಿ ಅವು ಮೂರು ಬೇರೆ ಕಾಲಂಗಳು: ಆಕಸ್ಮಿಕ, ಆತ್ಮಹತ್ಯೆ, ಕೊಲೆ. ತುಟಿ ಬೆಂದು ಊದಿಕೊಂಡ ಹೆಣ್ಣು ಉಸಿರಿನ ಮಧ್ಯೆ ಹೇಳುವ ಮಾತಿನ ಕೊನೆಯ ಅಕ್ಷರಗಳನ್ನು ಕೇಳಿಸಿಕೊಳ್ಳಬೇಕಾದರೆ ಹತ್ತಿರ ಬಾಗಬೇಕು, ಪುರುಸೊತ್ತು ಬೇಕು, ಆ ಮಾತು ಮುಖ್ಯ ಎಂದು ತಿಳಿದಿರಬೇಕು.

ಬೆಂಗಳೂರು ನಗರದ ಪೊಲೀಸ್ ಲೆಕ್ಕದಂತೆ 1997ರಲ್ಲಿ 1,133 ಹೆಂಗಸರು ಅಸಹಜವಾಗಿ ಸತ್ತರು. ಅದರಲ್ಲಿ ಕೊಲೆ ಎಂದು ದಾಖಲಾದದ್ದು 157. ಆತ್ಮಹತ್ಯೆ 546. ಆಕಸ್ಮಿಕ 430. ಮರುವರ್ಷ 1998ರಲ್ಲಿ ಒಟ್ಟು 1,248: ಕೊಲೆ 169, ಆತ್ಮಹತ್ಯೆ 618, ಆಕಸ್ಮಿಕ 461. ಆ ವರ್ಷಗಳಲ್ಲಿ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ಹಾಸಿಗೆಯ ಪಕ್ಕ ಕುಳಿತು ಕೇಳಿಸಿಕೊಂಡರು. ಕಡತ "ಸ್ಟೌವ್ ಸಿಡಿಯಿತು" ಎನ್ನುತ್ತಿತ್ತು, ಹಾಸಿಗೆ ಬೇರೆ ಮಾತು ಹೇಳುತ್ತಿತ್ತು. ಮನೆಯಲ್ಲಿ ಅತ್ತೆ, ಮಾವ, ನಾದಿನಿ ಎಲ್ಲರೂ ಇದ್ದಾಗ ಆ ಸ್ಟೌವ್ ಸೊಸೆಯನ್ನೇ ಹುಡುಕಿ ಸಿಡಿಯುತ್ತಿದ್ದದ್ದು ಹೇಗೆ ಎಂದು ನಮ್ಮ ಹಿರಿಯ ಗೆಳತಿಯರು ಬೀದಿಯಲ್ಲಿ ನಿಂತು ಕೇಳಿದರು.

ಇಂದು ಸೀಮೆಎಣ್ಣೆ ಸ್ಟೌವ್ ಬಹುಪಾಲು ಮನೆಗಳಿಂದ ಹೋಗಿದೆ, ಗ್ಯಾಸ್ ಬಂದಿದೆ. ಸಾವು ಹೋಗಿಲ್ಲ, ದಾರಿ ಬದಲಿಸಿದೆ. "ಹೊಟ್ಟೆನೋವು ತಾಳಲಾರದೆ ಗೃಹಿಣಿ ಆತ್ಮಹತ್ಯೆ" ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದದವರು ನಮ್ಮಲ್ಲಿ ಯಾರಿದ್ದಾರೆ? ಮದುವೆಯಾಗಿ ಎರಡು ಮೂರು ವರ್ಷದ ಹೆಣ್ಣುಮಕ್ಕಳಿಗೇ ಈ ತಾಳಲಾರದ ಹೊಟ್ಟೆನೋವು ಏಕೆ ಬರುತ್ತದೆ? ಆ ನೋವಿಗೆ ಹಿಂದೆ ಯಾವತ್ತಾದರೂ ಆಸ್ಪತ್ರೆಗೆ ಹೋಗಿದ್ದಳೇ, ಚೀಟಿ ಇದೆಯೇ ಎಂದು ಕೇಳುವ ಮೊದಲ ಅವಕಾಶ ಯಾರದು? ಅದೂ ನರ್ಸಿನದೇ.

ನಮ್ಮ ಜಿಲ್ಲೆಯನ್ನೇ ನೋಡಿ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ದೊಡ್ಡಬಳ್ಳಾಪುರದ ಮಗ್ಗಗಳ ಪಕ್ಕದಲ್ಲಿ ಗಾರ್ಮೆಂಟ್ಸ್ ಬಂತು. ಹೊಸಕೋಟೆ, ನೆಲಮಂಗಲದ ಹೊಲಗಳು ಗೋದಾಮು, ಲೇಔಟ್ ಆದವು. ಭೂಮಿಗೆ ಬೆಲೆ ಬಂದ ಹಾಗೆಲ್ಲ ಗಂಡಿನ ಬೆಲೆಯೂ ಏರಿತು. ಸೈಕಲ್ಲು, ವಾಚು ಕೇಳುತ್ತಿದ್ದ ಕಡೆ ಈಗ ಸೈಟು, ಕಾರು ಕೇಳುತ್ತಾರೆ. 2025ರ ಜುಲೈನಲ್ಲಿ ಸಚಿವ ಸಂಪುಟ ಜಿಲ್ಲೆಯ ಹೆಸರನ್ನೇ ಬೆಂಗಳೂರು ಉತ್ತರ ಎಂದು ಮಾಡಲು ತೀರ್ಮಾನಿಸಿತು. ಹೆಸರಿನ ಚರ್ಚೆಗೆ ಸಿಕ್ಕ ಸಮಯ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಎಷ್ಟು ನರ್ಸುಗಳಿದ್ದಾರೆ ಎಂಬ ಚರ್ಚೆಗೆ ಸಿಗಲಿಲ್ಲ.

ಮೊದಲ ಗಂಟೆಯ ವಿದ್ಯೆ

ನರ್ಸಿನ ಕೆಲಸವೆಂದರೆ ಸೂಜಿ ಚುಚ್ಚುವುದು, ಡಾಕ್ಟರು ಹೇಳಿದ್ದನ್ನು ಮಾಡುವುದು ಎಂದು ತಿಳಿದವರು ಸುಟ್ಟ ಹೆಣ್ಣಿನ ಮೊದಲ ಗಂಟೆಯನ್ನು ಗಮನಿಸಲಿ.

ಸುಟ್ಟ ಜಾಗದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಬೆಣ್ಣೆ, ಶಾಯಿ ಯಾವುದೂ ಕೂಡದು. ಬಳೆ, ಉಂಗುರ, ಕಾಲುಂಗುರ, ಕುತ್ತಿಗೆಯ ಸರವನ್ನು ಊತ ಬರುವ ಮೊದಲೇ ತೆಗೆಯಬೇಕು, ಇಲ್ಲದಿದ್ದರೆ ರಕ್ತದ ಓಡಾಟವೇ ನಿಲ್ಲುತ್ತದೆ. "ತಾಳಿ ತೆಗೀಬೇಡಿ, ಅಪಶಕುನ" ಎಂದು ಅಡ್ಡ ನಿಲ್ಲುವ ನೆಂಟರನ್ನು ಸರಿಸಿ ತೆಗೆಯುವ ಧೈರ್ಯ ಬೇಕು. ಮೂಗಿನೊಳಗೆ ಮಸಿ ಇದೆಯೇ, ಧ್ವನಿ ಗೊಗ್ಗರಾಗಿದೆಯೇ ನೋಡಬೇಕು. ಹಾಗಿದ್ದರೆ ಹೊಗೆ ಒಳಗೆ ಹೋಗಿದೆ, ಉಸಿರಿನ ದಾರಿ ಯಾವ ಗಳಿಗೆಯಲ್ಲಾದರೂ ಮುಚ್ಚಬಹುದು ಎಂದು ತಕ್ಷಣ ಡಾಕ್ಟರನ್ನು ಕೂಗಬೇಕು.

ಆಮೇಲೆ ಲೆಕ್ಕ. ದೊಡ್ಡವರ ಮೈಯನ್ನು ಒಂಬತ್ತರ ಭಾಗ ಮಾಡಿ ಎಣಿಸುತ್ತಾರೆ: ತಲೆ 9, ಒಂದೊಂದು ಕೈ 9, ಒಂದೊಂದು ಕಾಲು 18, ಮುಂಭಾಗ 18, ಬೆನ್ನು 18. ಉಳಿದ 1 ಗುಪ್ತಾಂಗ. ಎಷ್ಟು ಭಾಗ ಸುಟ್ಟಿದೆ ಎಂಬುದರ ಮೇಲೆ ಎಷ್ಟು ಗ್ಲೂಕೋಸು, ಸಲೈನು ಎಂದು ಜನ ಕರೆಯುವ ದ್ರವವನ್ನು ಕೊಡಬೇಕೆಂಬುದು ನಿರ್ಧಾರವಾಗುತ್ತದೆ. ಬಹುಕಾಲದಿಂದ ರೂಢಿಯಲ್ಲಿರುವ ಪಾರ್ಕ್‌ಲ್ಯಾಂಡ್ ಸೂತ್ರದಂತೆ ಪ್ರತಿ ಕಿಲೋ ತೂಕಕ್ಕೆ, ಪ್ರತಿ ನೂರರ ಒಂದು ಭಾಗದ ಸುಟ್ಟಗಾಯಕ್ಕೆ 4 ಮಿಲಿಲೀಟರ್. 50 ಕಿಲೋ ತೂಗುವ ಹೆಣ್ಣಿಗೆ ಶೇಕಡ 40 ಸುಟ್ಟಿದ್ದರೆ 24 ಗಂಟೆಯಲ್ಲಿ 8 ಲೀಟರ್. ಅದರಲ್ಲಿ ಅರ್ಧ, ಅಂದರೆ 4 ಲೀಟರ್, ಮೊದಲ 8 ಗಂಟೆಯಲ್ಲೇ ಹೋಗಬೇಕು. ಬರೆಯುವವರು ಡಾಕ್ಟರು. ಹನಿ ಹನಿಯಾಗಿ ಇಳಿಯುತ್ತಿದೆಯೇ, ಗಂಟೆಗೊಮ್ಮೆ ಮೂತ್ರ ಎಷ್ಟು ಬಂತು ಎಂದು ನೋಡುವವಳು ನರ್ಸು.

ಇಲ್ಲಿಯೇ ಒಂದು ಮಾತನ್ನು ಮನಸ್ಸಿಟ್ಟು ಕೇಳಿ. ಆ 8 ಗಂಟೆಯನ್ನು ಎಣಿಸುವುದು ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ, ಸುಟ್ಟ ಹೊತ್ತಿನಿಂದ. ಬೆಳಿಗ್ಗೆ ಐದಕ್ಕೆ ಸುಟ್ಟವಳನ್ನು ಒಂಬತ್ತಕ್ಕೆ ಕರೆತಂದು "ಈಗ ತಾನೇ ಆಯಿತು" ಎಂದು ಗಂಡನ ಮನೆಯವರು ಹೇಳಿದರೆ ನಾಲ್ಕು ಗಂಟೆಯ ಲೆಕ್ಕ ತಪ್ಪುತ್ತದೆ. ಸುಳ್ಳು ಕಾನೂನಿಗೆ ಮಾತ್ರ ಮೋಸ ಮಾಡುವುದಿಲ್ಲ, ರಕ್ತನಾಳಕ್ಕೂ ಮೋಸ ಮಾಡುತ್ತದೆ. "ನರ್ಸಿನ ಕೆಲಸ ಚಿಕಿತ್ಸೆ, ಮನೆಯ ಜಗಳ ಅವಳಿಗೇಕೆ" ಎನ್ನುವವರಿಗೆ ಇದೇ ಉತ್ತರ. ಹಿಂಸೆಯನ್ನು ಗುರುತಿಸುವ ಕಿವಿ ಚಿಕಿತ್ಸೆಯಿಂದ ಹೊರಗಿನದಲ್ಲ. ಅದು ನಾಡಿ ನೋಡುವಷ್ಟೇ ಅಗತ್ಯವಾದ ವಿದ್ಯೆ.

ಈ ವಿದ್ಯೆ ಪುಸ್ತಕದಿಂದ ಬರುವುದಿಲ್ಲ. ಅಮೆರಿಕದ ಪೆಟ್ರೀಷಿಯಾ ಬೆನ್ನರ್ ಎಂಬ ನರ್ಸ್-ಅಧ್ಯಾಪಕಿ 1984ರಲ್ಲಿ ಬರೆದ ಪುಸ್ತಕದಲ್ಲಿ ನರ್ಸು ಹೊಸಬಳಿಂದ ನಿಪುಣೆಯಾಗಲು ಐದು ಮೆಟ್ಟಿಲು ಹತ್ತುತ್ತಾಳೆ ಎಂದು ತೋರಿಸಿದರು. ಹಾಸಿಗೆಯ ಪಕ್ಕದ ವರ್ಷಗಳ ಅನುಭವವೇ ಆ ಮೆಟ್ಟಿಲು. ಮಗ್ಗದ ಮುಂದೆ ಕೂತವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎಳೆ ಕಡಿಯುವ ಮೊದಲೇ ಕೈಗೆ ಗೊತ್ತಾಗುವುದು ಎಷ್ಟು ವರ್ಷದ ಮೇಲೆ? ಪಕ್ಕದಲ್ಲಿ ಕೂತು ತಿದ್ದಿದವರು ಯಾರು? ನರ್ಸಿಂಗ್ ವಿದ್ಯಾರ್ಥಿನಿಯ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಇದೇ.

ಕೈಗುಣವನ್ನು ಕಸಿದವರು ಯಾರು?

ಮೊದಲನೆಯದು ಕಲಿಕೆಯ ವ್ಯಾಪಾರ. ಬೆಂಗಳೂರಿನ ಸುತ್ತ ನರ್ಸಿಂಗ್ ಶಾಲೆ, ಕಾಲೇಜುಗಳು ಅಣಬೆಯಂತೆ ಎದ್ದವು. ಶಾಲೆಗೆ 100 ಹಾಸಿಗೆಯ ತನ್ನದೇ ಆಸ್ಪತ್ರೆ ಇರಬೇಕು, ಮೂರು ರೋಗಿಗೆ ಒಬ್ಬ ವಿದ್ಯಾರ್ಥಿನಿ ಇರಬೇಕು ಎಂಬ ಅಳತೆಯನ್ನು ಭಾರತೀಯ ನರ್ಸಿಂಗ್ ಕೌನ್ಸಿಲ್ ಹಾಕಿಕೊಟ್ಟಿದೆ. ಹಾಸಿಗೆ ಇದ್ದು ರೋಗಿ ಇಲ್ಲದಿದ್ದರೆ, ರೋಗಿ ಇದ್ದು ಕಲಿಸುವವರು ಇಲ್ಲದಿದ್ದರೆ ಆ ಅಳತೆಗೆ ಅರ್ಥವೇನು? ಬೊಂಬೆಯ ಕೈಗೆ ಸೂಜಿ ಚುಚ್ಚಿ, ದಾಖಲೆ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಹೊರಬಂದ ಹುಡುಗಿಯನ್ನು ಮರುದಿನವೇ ವಾರ್ಡಿನಲ್ಲಿ ನಿಲ್ಲಿಸಿದರೆ ಅವಳು ಯಾರ ಮೇಲೆ ಕಲಿಯಬೇಕು? ನಮ್ಮ ಮೇಲೆ. ನಾಲ್ಕು ಕಡೆ ಚುಚ್ಚಿದ ಆ ನರದ ಬೆಲೆಯನ್ನು ಶಾಲೆಯ ಮಾಲೀಕ ಶುಲ್ಕದ ರೂಪದಲ್ಲಿ ಮೊದಲೇ ವಸೂಲಿ ಮಾಡಿದ್ದಾನೆ. ಆ ಶುಲ್ಕಕ್ಕೆ ಹೊಲ ಅಡವಿಟ್ಟವರು ನಮ್ಮಂಥವರೇ.

ಎರಡನೆಯದು, ಕಲಿಯುವವಳನ್ನು ಕೂಲಿಯವಳನ್ನಾಗಿ ಮಾಡುವುದು. ನರ್ಸುಗಳನ್ನು ನೇಮಿಸಿಕೊಳ್ಳುವ ಬದಲು ವಿದ್ಯಾರ್ಥಿನಿಯರಿಂದ ಪಾಳಿ ಮಾಡಿಸುವುದು ಅಗ್ಗ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗೆ ಒಬ್ಬ ನರ್ಸ್, ಇತರ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬ ಎಂದು ಕೌನ್ಸಿಲ್ ಹೇಳುತ್ತದೆ. ರಾತ್ರಿ ಒಂದು ಸಲ ಯಾವುದಾದರೂ ವಾರ್ಡಿನಲ್ಲಿ ನಿಂತು ಎಣಿಸಿ ನೋಡಿ. ಒಬ್ಬಳೇ ಹುಡುಗಿ ಈ ತುದಿಯಿಂದ ಆ ತುದಿಗೆ ಓಡುವಾಗ ಬಾಗಿ ಕೇಳಿಸಿಕೊಳ್ಳಲು ಅವಳಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಅವಳ ಗದರಿಕೆ ತಪ್ಪು. ಅದು ಬರುವ ದಾರಿಯನ್ನೂ ನೋಡಿ.

ಮೂರನೆಯದು ಭಾಷೆ. ನಮ್ಮಲ್ಲಿ ಕಲಿಯಲು ಕೇರಳದಿಂದ, ಬಂಗಾಳದಿಂದ, ಈಶಾನ್ಯ ರಾಜ್ಯಗಳಿಂದ ಹೆಣ್ಣುಮಕ್ಕಳು ಬರುತ್ತಾರೆ. ಅವರು ಬಂದದ್ದು ತಪ್ಪಲ್ಲ. ಬರಲಿ, ಕಲಿಯಲಿ, ನಮ್ಮವರೇ ಆಗಲಿ. ಆದರೆ ಅವರಿಂದ ಶುಲ್ಕ ತೆಗೆದುಕೊಂಡ ಶಾಲೆ ವಾರ್ಡಿಗೆ ಕಳಿಸುವ ಮೊದಲು ಕನ್ನಡ ಕಲಿಸಬೇಕು. ಹೊಸಕೋಟೆಯ ಕಡೆಯವರು ತೆಲುಗಿನಲ್ಲೋ ಉರ್ದುವಿನಲ್ಲೋ ನೋವು ಹೇಳಿಕೊಂಡರೆ ಕೇಳುವವರೂ ಬೇಕು. "ನೋವಾ? ಎಲ್ಲಿ?" ಎಂಬೆರಡು ಮಾತು ಕಲಿತವಳಿಗೆ ಹತ್ತಿಕೊಂಡಿತು ಎಂಬುದಕ್ಕೂ ಹಚ್ಚಿದರು ಎಂಬುದಕ್ಕೂ ಇರುವ ವ್ಯತ್ಯಾಸ ಹೇಗೆ ತಿಳಿಯಬೇಕು? ಅವಳಿಗೆ ಅರ್ಥ ಮಾಡಿಸಲು ಪಕ್ಕದಲ್ಲಿ ನಿಂತಿರುವವನು ಯಾರು? ಅದೇ ಗಂಡ, ಅದೇ ಮೈದುನ.

ನಾಲ್ಕನೆಯದು ಬಾಯಿ ಮುಚ್ಚಿಸುವ ಪದ್ಧತಿ. ಆಸ್ಪತ್ರೆಯೂ ಒಂದು ಮನೆಯೇ. ಅಲ್ಲೂ ಯಜಮಾನನಿದ್ದಾನೆ, ಅಲ್ಲೂ ಕಿರಿಯಳು ಎದುರು ಮಾತಾಡಬಾರದು. "ಸಾರ್, ಆ ಹುಡುಗಿ ಬೇರೆ ಏನೋ ಹೇಳುತ್ತಿದ್ದಾಳೆ" ಎಂದು ವಿದ್ಯಾರ್ಥಿನಿ ಹೇಳಿದರೆ "ನಿನ್ನ ಕೆಲಸ ನೋಡು" ಎಂಬ ಉತ್ತರ. "ಕೋರ್ಟಿಗೆ ಅಲೆಯಬೇಕಾಗುತ್ತೆ, ಸುಮ್ಮನಿರು" ಎಂದು ಹಿರಿಯ ನರ್ಸಿನ ಬುದ್ಧಿಮಾತು. ಕೇಳಿಸಿಕೊಂಡದ್ದನ್ನು ಹೇಳಬಾರದು ಎಂದು ಒಂದು ಸಲ ಕಲಿತವಳು ಎರಡನೆಯ ಸಲ ಕೇಳಿಸಿಕೊಳ್ಳುವುದನ್ನೇ ಬಿಡುತ್ತಾಳೆ.

ಐದನೆಯದು ಸಂಬಳ ಮತ್ತು ಗುತ್ತಿಗೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆಯ ನರ್ಸುಗಳ ದುಃಸ್ಥಿತಿ ನೋಡಿ ಸಮಿತಿ ಮಾಡಿಸಿತು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸಿನ ಸಮಾನ ಸಂಬಳ ಕೊಡಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ನಿಮ್ಮ ತಾಲ್ಲೂಕಿನ ನರ್ಸಿಂಗ್ ಹೋಮಿನ ಹುಡುಗಿಯನ್ನು ಕೈಗೆ ಎಷ್ಟು ಸಿಗುತ್ತದೆ ಎಂದು ಕೇಳಿ. ವರ್ಷವರ್ಷವೂ ಗುತ್ತಿಗೆ ನವೀಕರಣಕ್ಕೆ ಕಾಯುವವಳು ಮಾಲೀಕನಿಗೆ ಇಷ್ಟವಿಲ್ಲದ ಸತ್ಯವನ್ನು ಕಡತದಲ್ಲಿ ಬರೆಯುವಳೇ? ಒಂದೂರಲ್ಲಿ ಆರು ತಿಂಗಳು, ಇನ್ನೊಂದೂರಲ್ಲಿ ಎಂಟು ತಿಂಗಳು ದುಡಿದು ಓಡಾಡುವವಳು ಬೆನ್ನರ್ ಹೇಳಿದ ಮೆಟ್ಟಿಲನ್ನು ಯಾವಾಗ ಹತ್ತಬೇಕು?

ಆರನೆಯದು ಭಯ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ನಮ್ಮ ಅರುಣಾ ಶಾನಭಾಗಳನ್ನು ಮರೆಯಬಹುದೇ? 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಗಂಡಾಳೊಬ್ಬ ನಾಯಿ ಕಟ್ಟುವ ಸರಪಳಿಯಿಂದ ಆಕೆಯ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಉಸಿರು ತಪ್ಪಿ ಆಕೆ ಮತ್ತೆ ಏಳಲಿಲ್ಲ. ಅವನಿಗೆ ಶಿಕ್ಷೆಯಾದದ್ದು ಕೊಲೆ ಯತ್ನ ಮತ್ತು ದರೋಡೆಗೆ. ಅತ್ಯಾಚಾರ ಕೋರ್ಟಿನ ಕಡತಕ್ಕೇ ಬರಲಿಲ್ಲ. ಏಳು ವರ್ಷಕ್ಕೆ ಅವನು ಹೊರಬಂದ. ಅರುಣಾ 2015ರ ಮೇ 18ರವರೆಗೆ, 41 ವರ್ಷ ದಾಟಿ, ಹಾಸಿಗೆಯಲ್ಲೇ ಇದ್ದಳು. 2024ರ ಆಗಸ್ಟ್ 9ರಂದು ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಪಾಳಿಯ ನಡುವೆ ಸೆಮಿನಾರ್ ಕೋಣೆಯಲ್ಲಿ ವಿಶ್ರಮಿಸುತ್ತಿದ್ದ ತರಬೇತಿ ವೈದ್ಯೆಯ ಮೇಲೆ ಅತ್ಯಾಚಾರ ಮಾಡಿ ಕೊಂದರು. ಐವತ್ತು ವರ್ಷದ ಅಂತರದಲ್ಲಿ ಕಲಿಯುವ, ದುಡಿಯುವ ಹೆಣ್ಣಿಗೆ ಒಂದು ಭದ್ರವಾದ ಕೋಣೆ ಸಿಗಲಿಲ್ಲ. ಕತ್ತಲ ಕಾರಿಡಾರಿನಲ್ಲಿ ಬೆನ್ನ ಹಿಂದೆ ನೋಡಿಕೊಂಡು ನಡೆಯುವವಳ ಮನಸ್ಸು ರೋಗಿಯ ಮೇಲೆ ನಿಲ್ಲುವುದು ಹೇಗೆ?

ಏಳನೆಯದು ನರ್ಸಿನ ಸ್ವಂತ ಮನೆ. "ಹುಡುಗಿ ನರ್ಸು, ಫಾರಿನ್ನಿಗೆ ಹೋಗಬಹುದು" ಎಂಬುದೇ ಇಂದು ವಧುಪರೀಕ್ಷೆಯ ಲೆಕ್ಕ. ಸಂಬಳದ ಎ.ಟಿ.ಎಂ. ಕಾರ್ಡು ಗಂಡನ ಜೇಬಿನಲ್ಲಿ, ರಾತ್ರಿ ಪಾಳಿಯ ಮೇಲೆ ಅನುಮಾನ ಅತ್ತೆಯ ಬಾಯಲ್ಲಿ. ತರಬೇತಿಗೆ ನಾಲ್ಕು ದಿನ ಹೊರಗೆ ಹೋಗಬೇಕೆಂದರೆ ಮನೆಯಲ್ಲಿ ಯುದ್ಧ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಂತೆ, 2019-20ರಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಗಂಡನ ಹಿಂಸೆ ಅನುಭವಿಸಿದವರು ಶೇಕಡ 44.4. ಅದರ ಹಿಂದಿನ ಸುತ್ತಿನಲ್ಲಿ ಅದು 20.6 ಇತ್ತು. ಬಿಳಿ ಬಟ್ಟೆ ತೊಟ್ಟ ಮಾತ್ರಕ್ಕೆ ನರ್ಸು ಈ ಲೆಕ್ಕದಿಂದ ಹೊರಗೆ ನಿಲ್ಲುತ್ತಾಳೆಯೇ? ಮುಂಜಾನೆ ಮನೆಯಲ್ಲಿ ಏಟು ತಿಂದು ಬಂದವಳು ಹಾಸಿಗೆಯ ಮೇಲಿರುವ ಹೆಣ್ಣಿಗೆ "ಹೊಂದಿಕೊಂಡು ಹೋಗಮ್ಮ" ಎಂದರೆ ಆ ಮಾತನ್ನು ಅವಳಿಗೆ ಕಲಿಸಿದ ಶಾಲೆ ಯಾವುದೆಂದು ನಮಗೆಲ್ಲ ಗೊತ್ತು.

ಹಾಗಾದರೆ ನರ್ಸಿನ ತಪ್ಪೇ ಇಲ್ಲವೇ? ಇದೆ. ಹೆರಿಗೆಗೆ ಕೈ ನೀಡುವವರಿದ್ದಾರೆ. ಜಾತಿ ನೋಡಿ ಮುಟ್ಟುವವರಿದ್ದಾರೆ. ನೋವಿನಲ್ಲಿ ಕಿರುಚಿದವಳಿಗೆ ಹೊಲಸು ಮಾತಾಡುವವರಿದ್ದಾರೆ. ಅವರನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ, ದೂರು ಕೊಡಿ. ಆದರೆ ಒಬ್ಬಳನ್ನು ಅಮಾನತು ಮಾಡಿದರೆ ಏಳು ಕಾರಣಗಳಲ್ಲಿ ಒಂದೂ ಅಮಾನತಾಗುವುದಿಲ್ಲ. ಆ ಜಾಗಕ್ಕೆ ಬರುವ ಇನ್ನೊಬ್ಬಳಿಗೂ ಅದೇ ವಾರ್ಡು, ಅದೇ ರಾತ್ರಿ.

ಕಾನೂನು ಬಾಗಿಲು ತೆರೆದಿದೆ, ಒಳಗೆ ಹೋಗುವವರಿಲ್ಲ

2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ 7ನೇ ಕಲಂ ಪ್ರಕಾರ ಹಿಂಸೆಗೊಳಗಾದ ಹೆಣ್ಣಿಗೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ನಿಯಮ 17 ಇನ್ನೂ ಸ್ಪಷ್ಟ. ಹಿಂಸೆಯ ವರದಿ ಇನ್ನೂ ಆಗಿಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ನಮೂನೆ 1 ತುಂಬಿ ರಕ್ಷಣಾಧಿಕಾರಿಗೆ ಕಳಿಸಬೇಕು. ವೈದ್ಯಕೀಯ ವರದಿಯ ಪ್ರತಿಯನ್ನು ಹೆಣ್ಣಿಗೆ ಉಚಿತವಾಗಿ ಕೊಡಬೇಕು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಅಂಗನವಾಡಿಯ ಕೆಲಸಕ್ಕೆ ನಾವು ಎಷ್ಟೋ ಸಲ ಹತ್ತಿದ ಕಚೇರಿ ಅದು. ಹಾಗಿದ್ದ ಮೇಲೆ ನಮೂನೆ 1 ಎಂಬ ಕಾಗದ ನಮ್ಮ ತಾಲ್ಲೂಕು ಆಸ್ಪತ್ರೆಯ ಯಾವ ಮೇಜಿನ ಮೇಲಿದೆ? ಯಾವ ವಿದ್ಯಾರ್ಥಿನಿ ಅದನ್ನು ಕೈಯಲ್ಲಿ ಹಿಡಿದು ತುಂಬಿ ನೋಡಿದ್ದಾಳೆ?

ಸಾಯುವ ಮುಂಚಿನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರೇ ಬರೆಯಬೇಕು, ಬೇರೆಯವರು ಬರೆದರೆ ನಡೆಯದು ಎಂಬ ನಂಬಿಕೆ ಹಬ್ಬಿದೆ. ಮ್ಯಾಜಿಸ್ಟ್ರೇಟರು ಬಂದರೆ ಬಹಳ ಒಳ್ಳೆಯದು, ಅದಕ್ಕೆ ತೂಕ ಹೆಚ್ಚು. ಆದರೆ ಅವರು ಬರುವ ಮೊದಲೇ ಉಸಿರು ನಿಲ್ಲುವಂತಿದ್ದರೆ ಆ ಮಾತನ್ನು ಯಾರಿಗೆ ಹೇಳಿದರೂ ಕೋರ್ಟು ಪರಿಗಣಿಸಬಹುದು. 2002ರಲ್ಲಿ ಲಕ್ಷ್ಮಣ್ ವಿರುದ್ಧ ಮಹಾರಾಷ್ಟ್ರ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಹೇಳುವವಳಿಗೆ ಬುದ್ಧಿ ಸ್ಥಿಮಿತದಲ್ಲಿತ್ತು ಎಂದು ಬರೆದುಕೊಂಡವರಿಗೆ ಮನವರಿಕೆಯಾಗಿದ್ದರೆ ಡಾಕ್ಟರ ಪ್ರಮಾಣಪತ್ರ ಇಲ್ಲ ಎಂಬ ಒಂದೇ ಕಾರಣಕ್ಕೆ ಆ ಹೇಳಿಕೆಯನ್ನು ತಳ್ಳಿಹಾಕುವಂತಿಲ್ಲ ಎಂದಿತು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯಿದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಅದರ 26ನೇ ಕಲಂನಲ್ಲಿ ಈ ಮಾತು ಉಳಿದಿದೆ. ನಮಗೆ ಬಾಯಿಪಾಠವಾಗಿದ್ದ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86, 304ಬಿ ಈಗ 80. ಅಂಕಿ ಬದಲಾಗಿದೆ, ಅಪರಾಧ ಅದೇ. ನರ್ಸು ತೀರ್ಪು ಕೊಡಬೇಕಾಗಿಲ್ಲ. ಯಾರು ಹಚ್ಚಿದರು ಎಂದು ತನಿಖೆ ಮಾಡಬೇಕಾಗಿಲ್ಲ. ಹೆಣ್ಣು ಹೇಳಿದ ಮಾತನ್ನು ಅವಳ ಮಾತಿನಲ್ಲೇ, ಹೊತ್ತು ಹಾಕಿ, ಒಂದಕ್ಷರ ತಿದ್ದದೆ ಬರೆದಿಟ್ಟರೆ ಸಾಕು. ಸೀಮೆಎಣ್ಣೆ ಮೆತ್ತಿದ ಸೀರೆಯನ್ನು ಕಸಕ್ಕೆ ಎಸೆಯದೆ ತೆಗೆದಿಟ್ಟರೆ ಸಾಕು.

ಆಗದ ಕೆಲಸವೇನೂ ಅಲ್ಲ

ಮುಂಬೈಯಲ್ಲಿ 2000ದ ಸುಮಾರಿಗೆ ಸೆಹತ್ ಎಂಬ ಸಂಸ್ಥೆ ಮತ್ತು ಮಹಾನಗರ ಪಾಲಿಕೆ ಸೇರಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ದಿಲಾಸಾ ಎಂಬ ಕೇಂದ್ರ ತೆರೆದವು. ದೊಡ್ಡ ಯಂತ್ರ ತರಲಿಲ್ಲ. ಅಲ್ಲೇ ದುಡಿಯುತ್ತಿದ್ದ ನರ್ಸು, ಡಾಕ್ಟರುಗಳಿಗೆ ಹಿಂಸೆ ಗುರುತಿಸುವುದನ್ನು ಕಲಿಸಿದರು, ಆಪ್ತಸಲಹೆಗೆ ಒಂದು ಕೋಣೆ ಕೊಟ್ಟರು. ಅದು ಆಮೇಲೆ ಬೇರೆ ಆಸ್ಪತ್ರೆಗಳಿಗೂ ಹರಡಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಎಲ್ಲ ದೇಶಗಳಿಗೂ ಹೇಳಿತು: ಕೇಳಿಸಿಕೊಳ್ಳಿ, ಏನು ಬೇಕೆಂದು ವಿಚಾರಿಸಿ, ನಂಬಿ, ಸುರಕ್ಷತೆ ನೋಡಿ, ಬೆಂಬಲ ಕೊಡಿ, ಮತ್ತು ಇದನ್ನು ನರ್ಸು, ಡಾಕ್ಟರುಗಳಿಗೆ ಓದುವಾಗಲೇ ಕಲಿಸಿ.

ಇನ್ನು ಕೌಶಲ್ಯ ಎಂದರೇನು ಎಂದು ತಿಳಿಯಬೇಕಾದರೆ ಮತ್ತೆ ಅರುಣಾಳ ಹಾಸಿಗೆಯ ಹತ್ತಿರ ಬನ್ನಿ. ನಾಲ್ಕು ದಶಕ ಅಲುಗಾಡದೆ ಮಲಗಿದ್ದ ಆ ಮೈಗೆ ಹಾಸಿಗೆ ಹುಣ್ಣು ಬಾರದಂತೆ ಕೆ.ಇ.ಎಂ. ನರ್ಸುಗಳು ನೋಡಿಕೊಂಡರು. ಹಿರಿಯರು ನಿವೃತ್ತರಾದರು, ಹೊಸ ಹುಡುಗಿಯರು ಬಂದರು, ಕೈಯಿಂದ ಕೈಗೆ ಆ ವಿದ್ಯೆ ಹೋಯಿತು. 2011ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆ ಸೇವೆಯನ್ನು ಮೆಚ್ಚಿ ಬರೆಯಿತು. ಆ ನರ್ಸುಗಳು ದೇವತೆಗಳಲ್ಲ. ಅವರಿಗೆ ಹಿರಿಯರ ಜೊತೆ ನಿಂತು ಕಲಿಯುವ ಅವಕಾಶವಿತ್ತು, ಮಾಡಿದ ಕೆಲಸಕ್ಕೆ ಅರ್ಥವಿತ್ತು, ಮಲಗಿದ್ದವಳು ತಮ್ಮವಳು ಎಂಬ ಭಾವವಿತ್ತು. ಅದೇ ಅವಕಾಶ ದೊಡ್ಡಬಳ್ಳಾಪುರದ, ನೆಲಮಂಗಲದ ಹುಡುಗಿಗೂ ಸಿಗಲಿ ಎಂಬುದೇ ನಮ್ಮ ಬೇಡಿಕೆ.

ಸಂಘಗಳು ಮಾಡಬೇಕಾದ್ದು

1. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಜೂರಾದ ನರ್ಸ್ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಗುತ್ತಿಗೆ ಎಷ್ಟು, ರಾತ್ರಿ ಪಾಳಿಗೆ ಎಷ್ಟು ಮಂದಿ ಎಂದು 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಕಟ್ಟಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಂದ ಉತ್ತರವನ್ನು ಆರೋಗ್ಯ ರಕ್ಷಾ ಸಮಿತಿಯ ಮುಂದಿಡಿ.

2. ಗಾಯಗೊಂಡು ಬಂದ ಹೆಣ್ಣಿನ ಜೊತೆ ನರ್ಸು ಹತ್ತು ನಿಮಿಷ ಒಬ್ಬಳೇ ಮಾತಾಡಲು ಪರದೆ ಹಾಕಿದ ಜಾಗ ಬೇಕು. ಆ ಹತ್ತು ನಿಮಿಷ ಗಂಡನ ಮನೆಯವರೂ ಹೊರಗೆ, ತವರಿನವರೂ ಹೊರಗೆ.

3. ನಮೂನೆ 1, ರಕ್ಷಣಾಧಿಕಾರಿಯ ಫೋನ್ ನಂಬರು, ಮಹಿಳಾ ಸಹಾಯವಾಣಿ 181 ಇವು ತುರ್ತು ಚಿಕಿತ್ಸಾ ಕೋಣೆಯ ಗೋಡೆಯ ಮೇಲಿರಲಿ. ವರ್ಷಕ್ಕೊಮ್ಮೆಯಾದರೂ ಎಲ್ಲ ಪಾಳಿಯ ನರ್ಸುಗಳಿಗೆ, ಉಪಕೇಂದ್ರದ ಸಿಸ್ಟರುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಇದರ ತರಬೇತಿ ಆಗಲಿ.

4. ನರ್ಸಿಂಗ್ ಪರೀಕ್ಷೆಯಲ್ಲಿ ಮನೆಯೊಳಗಿನ ಹಿಂಸೆ ಒಂದು ಕಡ್ಡಾಯ ಪ್ರಶ್ನೆಯಾಗಲಿ. ಪರೀಕ್ಷೆಯಲ್ಲಿ ಬರದ್ದನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಹೊರರಾಜ್ಯದ ವಿದ್ಯಾರ್ಥಿನಿಯರಿಗೆ ವಾರ್ಡಿಗೆ ಹೋಗುವ ಮೊದಲೇ ಕನ್ನಡ ಕಲಿಸಲಿ. 2023ರಲ್ಲಿ ಸಂಸತ್ತು ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಹೊಸ ಕಾಯಿದೆ ಮಾಡಿದೆ, ಅದರಡಿ ಬರುವ ನಿಯಮಗಳಲ್ಲಿ ಇದು ಸೇರಲಿ.

5. ವಿದ್ಯಾರ್ಥಿನಿಯನ್ನು ಸಿಬ್ಬಂದಿಯ ಲೆಕ್ಕಕ್ಕೆ ಹಿಡಿಯುವುದು ನಿಲ್ಲಲಿ. ಹೊಸಬಳ ಪಕ್ಕದಲ್ಲಿ ಹಿರಿಯ ನರ್ಸು ಇಲ್ಲದೆ ಪಾಳಿ ನಡೆಯಬಾರದು.

6. 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯಲ್ಲಿ ತರಬೇತಿಯವಳೂ ಉದ್ಯೋಗಿಯೇ. ಹತ್ತು ಜನ ದುಡಿಯುವ ಪ್ರತಿ ಆಸ್ಪತ್ರೆಯಲ್ಲೂ ಆಂತರಿಕ ಸಮಿತಿ ಇರಬೇಕು. ಇದೆಯೇ ಎಂದು ಕೇಳಿ, ಸದಸ್ಯರ ಹೆಸರು ಗೋಡೆಗೆ ಹಾಕಿಸಿ.

7. ಕೊನೆಯದು ನಮ್ಮ ಮನೆಗೇ ಸೇರಿದ್ದು. ಮಗನಿಗೆ ನರ್ಸ್ ಸೊಸೆ ತಂದರೆ ಅವಳ ಸಂಬಳ ಅವಳದು, ಅವಳ ರಾತ್ರಿ ಪಾಳಿ ಮರ್ಯಾದೆಯ ದುಡಿಮೆ. ಮಗಳನ್ನು ನರ್ಸಿಂಗಿಗೆ ಸೇರಿಸುವಾಗ ಶಾಲೆಯ ಕಟ್ಟಡ ನೋಡಬೇಡಿ, ಆಸ್ಪತ್ರೆಯಲ್ಲಿ ರೋಗಿಗಳಿದ್ದಾರೆಯೇ, ಕಲಿಸುವವರಿದ್ದಾರೆಯೇ ನೋಡಿ.

ಸಾಲ ಕಟ್ಟದ ಸದಸ್ಯೆಯ ಮನೆಯ ಮುಂದೆ ಹತ್ತು ಜನ ಹೋಗಿ ಕೂರುವ ಶಕ್ತಿ ನಮ್ಮ ಸಂಘಗಳಿಗಿದೆ. ಅದೇ ಹತ್ತು ಜನ ತಾಲ್ಲೂಕು ಆಸ್ಪತ್ರೆಯ ಆಡಳಿತಾಧಿಕಾರಿಯ ಬಾಗಿಲ ಮುಂದೆ ಒಂದು ಬೆಳಿಗ್ಗೆ ಹೋಗಿ ಕೂತರೆ ಏನಾಗುತ್ತದೆ ನೋಡೋಣ. ನರ್ಸನ್ನು ಬೈಯಲು ಹೋಗಬೇಡಿ, ಅವಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಅವಳ ಕೈ ನಡುಗದೆ ನಿಂತರೆ ನಮ್ಮ ಮಗಳು ಬದುಕುತ್ತಾಳೆ. ಅವಳ ಪೆನ್ನು ಹೆದರದೆ ಬರೆದರೆ, ಬದುಕದೆ ಹೋದ ಮಗಳ ಕೊನೆಯ ಮಾತಾದರೂ ಸರಿಯಾದ ಕಾಲಂಗೆ ಹೋಗುತ್ತದೆ.